ಕಡ್ಡಿ ಮೇಸ್ತ್ರಿಯೂ ಅಕ್ಕನ ಆಟದ ಪೆಟ್ಟಿಗೆಯೂ

ನಮ್ಮ ಮನೆಯಲ್ಲಿ ಅಳತೆ ಟೇಪು ಇಲ್ಲ. ಬಡಗಿಯ ಮನೆಯಲ್ಲಿ ಟೇಪು ಇಲ್ಲವೆಂದರೆ ಯಾರೂ ನಂಬುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ನಂಬಿರಲಿಲ್ಲ. ಪರದೆ ಹೊಲಿಯಬೇಕು, ಕಿಟಕಿಯ ಅಳತೆ ತೆಗೆದುಕೊಡಿ ಎಂದು ಕೇಳಿದರೆ ನನ್ನ ಗಂಡ ಒಂದು ತೆಳ್ಳನೆಯ ಕಡ್ಡಿ ತಂದರು. ಅದನ್ನು ಕಿಟಕಿಗೆ ಒತ್ತಿ ಹಿಡಿದು, ಚಾಕುವಿನಿಂದ ಎರಡು ಕಚ್ಚು ಹಾಕಿ, “ತಗೋ, ಇದೇ ಕಿಟಕಿ” ಎಂದು ನನ್ನ ಕೈಗಿಟ್ಟು ಹೋದರು. ಎಂಥ ಮನೆಗೆ ಬಂದೆನಪ್ಪಾ ಎಂದು ನಾನು ಕಡ್ಡಿ ಹಿಡಿದುಕೊಂಡು ನಿಂತೆ. ಪರದೆ ಮಾತ್ರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಲಿಲ್ಲ, ಅದನ್ನು ಹೇಳಲೇಬೇಕು.

ಕುರ್ಚಿಯೋ ಮೇಜೋ ಮಾಡಿಸಲು ಬಂದವರನ್ನು ಇವರು ಮೊದಲು ಬರಿಗಾಲಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕಡ್ಡಿ ಹಿಡಿದು ಮೊಣಕಾಲಿಗೊಂದು, ಮಣಿಕಟ್ಟಿಗೊಂದು, ಮೊಣಕೈಗೊಂದು ಕಚ್ಚು ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಆ ಕಡ್ಡಿಗೆ ದಾರ ಕಟ್ಟಿ, ಗುರುತಿಗೊಂದು ಚಿತ್ರ ಕೊರೆದು, ಶೆಡ್ಡಿನ ಗೋಡೆಗೆ ತೂಗುಹಾಕುತ್ತಾರೆ. ಈಗ ಅಲ್ಲಿ ಇನ್ನೂರಕ್ಕೂ ಹೆಚ್ಚು ಕಡ್ಡಿಗಳಿವೆ. ಶಾಲೆಯ ಮೇಷ್ಟ್ರ ಕಡ್ಡಿಗೆ ಕನ್ನಡಕ, ನರ್ಸಮ್ಮನ ಕಡ್ಡಿಗೆ ಸೂಜಿ, ನನ್ನ ಕಡ್ಡಿಗೆ ಮೆಣಸಿನಕಾಯಿ. ಹೂವು ಕೊರೆಯಬಾರದಿತ್ತೇ ಎಂದು ನಾನು ಕೇಳಿದ್ದಕ್ಕೆ, “ಗುರುತು ಸಿಗಬೇಕಲ್ಲ” ಎಂದರು.

ಹೀಗಾಗಿ ಊರಿಗೆಲ್ಲ ಇವರು ಕಡ್ಡಿ ಮೇಸ್ತ್ರಿ. ಮಾತೂ ಹಾಗೇ, ಕಡ್ಡಿ ತುಂಡು ಮಾಡಿದ ಹಾಗೆ. ಮೂವತ್ತೆಂಟು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೇನೆ. ಇವರು ಮಾಡಿಕೊಟ್ಟ ಅಡುಗೆ ಕಟ್ಟೆಯ ಮುಂದೆ ಅಷ್ಟೂ ವರ್ಷ ನಿಂತಿದ್ದೇನೆ, ಒಂದು ದಿನ ಸೊಂಟ ನೋವೆಂದು ಹೇಳಿದ್ದಿಲ್ಲ. ಇವರ ಎದುರಿಗೆ ಇದನ್ನು ಹೇಳುವುದಿಲ್ಲ. ಹೇಳಿದರೆ ಆ ದಿನವಿಡೀ ನೆಲದ ಮೇಲೆ ನಡೆಯುವುದಿಲ್ಲ.

ಇವರ ಅಕ್ಕ, ನನಗೆ ಅತ್ತಿಗೆ, ಮದುವೆ ಗಿದುವೆ ಬೇಡವೆಂದು ಲಾಂಡ್ರಿ ಅಂಗಡಿ ಕಟ್ಟಿಕೊಂಡವರು. ಮೂವತ್ತು ವರ್ಷ ನಿಂತಲ್ಲೇ ನಿಂತು ಇಸ್ತ್ರಿ ಮಾಡಿದರು. ಇಸ್ತ್ರಿ ಮೇಜು ತಮ್ಮನದೇ ಕೆಲಸ. ಅವರ ಕಡ್ಡಿಗೆ ಇಸ್ತ್ರಿ ಪೆಟ್ಟಿಗೆಯ ಚಿತ್ರವಿದೆ, ಗೋಡೆಯ ಮೊದಲ ಸಾಲಿನಲ್ಲಿ. ಅಂಗಡಿಯ ಮುಂಭಾಗದಲ್ಲಿ ಬಟ್ಟೆಗೆ ಕಾಯುವವರಿಗೆಂದು ಒಂದು ವಿಡಿಯೋ ಗೇಮ್ ಪೆಟ್ಟಿಗೆ ಇಟ್ಟಿದ್ದರು. ಆಳೆತ್ತರದ ಪೆಟ್ಟಿಗೆ, ಎದೆಯ ಮಟ್ಟದಲ್ಲಿ ಪರದೆ, ಅದರ ಕೆಳಗೆ ಎಡಗೈಗೊಂದು ಹಿಡಿ, ಬಲಗೈಗೊಂದು ಕೆಂಪು ಗುಂಡಿ. ಹೊಳೆಯಲ್ಲಿ ಒಂದು ಪುಟ್ಟ ದೋಣಿ, ಮೇಲಿಂದ ಉರುಳಿಬರುವ ಬಂಡೆಗಳು, ಒಂದು ಆಟಕ್ಕೆ ಮೂರು ದೋಣಿ. ಹಿಡಿಯಿಂದ ದೋಣಿ ತಪ್ಪಿಸಬೇಕು, ಗುಂಡಿ ಒತ್ತಿ ಬಂಡೆ ಒಡೆಯಬೇಕು. ಗಿರಾಕಿಗಳಿಗೆಂದು ಇಟ್ಟದ್ದು ನೆಪ. ಅಂಗಡಿ ಖಾಲಿಯಾದರೆ ಸಾಕು, ಅತ್ತಿಗೆಯೇ ಅದರ ಮುಂದೆ ಇರುತ್ತಿದ್ದರು. ಅವರನ್ನು ಆ ಆಟದಲ್ಲಿ ಸೋಲಿಸಿದವರನ್ನು ನಾನು ನೋಡಿಲ್ಲ. ನನ್ನ ಗಂಡ ಒಮ್ಮೆ ಸಾಲಾಗಿ ಏಳು ಆಟ ಸೋತು, ಸಿಟ್ಟಿನಿಂದ ಪೆಟ್ಟಿಗೆಗೆ ಒದ್ದು, ಮೊಣಕಾಲಿನ ಮಟ್ಟದಲ್ಲಿ ಒಂದು ಗುಳಿಯನ್ನೇ ಮಾಡಿದ್ದರು. ಹೆಬ್ಬೆರಳು ಊದಿಕೊಂಡು ವಾರವಿಡೀ ಚಪ್ಪಲಿ ಹಾಕಲಾಗಲಿಲ್ಲ, ಅದು ಬೇರೆ ಮಾತು.

ಕಳೆದ ವರ್ಷ ಒಂದು ಬೆಳಿಗ್ಗೆ ಅತ್ತಿಗೆಯ ಕೈಯಿಂದ ಹಲ್ಲುಜ್ಜುವ ಬ್ರಷ್ಷು ಜಾರಿಬಿತ್ತು. ಲಕ್ವ. ಮಾತು ಉಳಿಯಿತು, ಬಲಗಾಲು ಎಳೆದುಕೊಂಡಾದರೂ ನಡೆಯಿತು, ಬಲಗೈ ಮಾತ್ರ ಬರಲಿಲ್ಲ. ಅವರನ್ನು ನಮ್ಮ ಮನೆಗೆ ಕರೆತಂದು ಮುಂದಿನ ಕೋಣೆ ಕೊಟ್ಟೆವು. ಮೊದಲ ಒಂದು ವರ್ಷದಲ್ಲಿ ಕೈ ಎಷ್ಟು ಮರಳುತ್ತದೋ ಅಷ್ಟೇ ದೊಡ್ಡದು, ಆಮೇಲೆ ಕಷ್ಟ, ಬೆರಳು ಆಡಿಸುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಎಂಟು ತಿಂಗಳಾದ ಮೇಲೆ ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ನೂರು ಸಲ ಹಿಸುಕಿ ಎಂದಳು. ಅವಳು ಬಾಗಿಲು ದಾಟುವಷ್ಟರಲ್ಲಿ ಅತ್ತಿಗೆ ಎಡಗೈಯಿಂದ ಚೆಂಡನ್ನು ಕಿಟಕಿಯಾಚೆ ಎಸೆದರು.

“ನಾನೇನು ಹಾಲು ಕುಡಿಯೋ ಮಗುವಾ, ಚೆಂಡು ಹಿಡ್ಕೊಂಡು ಕೂರೋಕೆ?”

“ಅತ್ತಿಗೆ, ಇನ್ನು ನಾಲ್ಕೇ ತಿಂಗಳು ಇರೋದು” ಎಂದೆ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿತ್ತು.

“ಗೊತ್ತಮ್ಮಾ. ನನ್ನ ಪೆಟ್ಟಿಗೆ ತಂದ್ಕೊಡಿ. ಆಡಿಸ್ತೀನಿ. ಅದು ಬಿಟ್ಟು ಬೇರೆ ಯಾವುದಕ್ಕೂ ಈ ಬೆರಳು ಏಳಲ್ಲ.”

ಅಂಗಡಿ ಮುಚ್ಚಿದಾಗಿನಿಂದ ಪೆಟ್ಟಿಗೆ ಅದರ ಹಿತ್ತಲ ಕೊಠಡಿಯಲ್ಲಿ ಹನ್ನೊಂದು ವರ್ಷ ಬಿದ್ದಿತ್ತು. ತಂದು ಶೆಡ್ಡಿನಲ್ಲಿ ಇಳಿಸಿ ನೋಡಿದೆವು. ಸೋರಿದ ನೀರಿನಲ್ಲಿ ನಿಂತು ನಿಂತು ಬುಡ ಒಂದು ಗೇಣಿನಷ್ಟು ಕೊಳೆತು, ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಉಬ್ಬಿ ಉದುರುತ್ತಿತ್ತು. ಅಂಚಿನ ರಬ್ಬರ್ ಪಟ್ಟಿ ಕಿತ್ತು ಜೋಲುತ್ತಿತ್ತು, ಗುಂಡಿಯ ಕೆಳಗಿನ ತಗಡು ತುಕ್ಕು ಹಿಡಿದಿತ್ತು. ಬದಿಯ ಹಲಗೆಯ ಮೇಲಿನ ದೋಣಿಯ ಚಿತ್ರದಲ್ಲಿ ದೋಣಿ ಇರಲಿಲ್ಲ, ಬರೀ ನೀರು ಉಳಿದಿತ್ತು.

ನನ್ನ ಗಂಡ ಬುಡದ ಹಲಗೆಯನ್ನು ಉಗುರಿನಿಂದ ಕೆರೆದು, ಬೆರಳು ಮೂಸಿ ಮುಖ ಸಿಂಡರಿಸಿದರು. ಹೊಟ್ಟು ಒತ್ತಿ ಮಾಡಿದ ಇಂಥ ಹಲಗೆಯನ್ನು ಇವರು ಜೀವಮಾನದಲ್ಲಿ ಮುಟ್ಟಿದವರಲ್ಲ. ಅದನ್ನು ತಂದವರನ್ನು ಗೇಟಿನಿಂದಲೇ ವಾಪಸು ಕಳಿಸಿದವರು.

“ಇದು ಮರ ಅಲ್ಲ ಕಣೇ, ಮರದ ಉಗುಳು.”

“ಆಯ್ತು. ನಿಮ್ಮ ಅಕ್ಕಂಗೆ ಹೋಗಿ ಹಾಗೇ ಹೇಳಿ ಬನ್ನಿ.”

ಹೇಳಲು ಹೋಗಲಿಲ್ಲ. ಮೂಗು ಮುರಿಯುತ್ತಲೇ ಕೆಲಸ ಶುರು ಮಾಡಿದರು.

ಒಳಗಿನ ಪರದೆ, ತಂತಿಗಳನ್ನೆಲ್ಲ ಬಿಚ್ಚಿ ಟಿವಿ ರಿಪೇರಿಯವರ ಮನೆಗೆ ಕಳಿಸಿದರು. ಊರಿನವರು ಅವರನ್ನು ಟಿವಿ ಡಾಕ್ಟರು ಎನ್ನುತ್ತಾರೆ. ಎಂಥ ಕೆಟ್ಟ ಟಿವಿ ತಂದರೂ “ಏನಾಗಲ್ಲ, ಬದುಕತ್ತೆ” ಎನ್ನುವುದು ಅವರ ವಾಡಿಕೆ. ಇದಕ್ಕೂ ಅದನ್ನೇ ಹೇಳಿದರು. ಇತ್ತ ಇವರು ಕೊಳೆತ ಬುಡವನ್ನು ಗಟ್ಟಿ ಸಿಗುವವರೆಗೂ ಕುಯ್ದು ತೆಗೆದರು. ಉಳಿದ ಹಲಗೆಯ ಬಾಯಿಗೆ ತೆಳುವಾದ ಅಂಟು ಕುಡಿಸಿ, ಬಿಗಿದು, ಎರಡು ದಿನ ಒಣಗಲು ಬಿಟ್ಟರು. ಆಮೇಲೆ ಹೊಸ ಬುಡಕ್ಕೆಂದು ಅಟ್ಟದಿಂದ ಒಂದು ಹಲಗೆ ಇಳಿಸಿದರು. ನೋಡಿದವಳೇ ನಾನು ಸೌಟು ಹಿಡಿದುಕೊಂಡೇ ಶೆಡ್ಡಿಗೆ ಓಡಿದೆ. ಅದು ನನ್ನ ಹಲಗೆ. ಕನ್ನಡಿ ಮೇಜು ಮಾಡಿಕೊಡುತ್ತೇನೆಂದು ಹತ್ತು ವರ್ಷದಿಂದ ಆಸೆ ಹುಟ್ಟಿಸಿ ಎತ್ತಿಟ್ಟಿದ್ದ ಹಲಗೆ.

“ರೀ! ಅದು ನಂದು!”

“ಗೊತ್ತು” ಎಂದರು, ತಲೆ ಎತ್ತದೆ. “ಉಗುಳಿನ ಕೆಳಗಾದರೂ ಒಳ್ಳೆ ಮರ ಇರ್ಲಿ.”

ಸೌಟು ಹಿಡಿದುಕೊಂಡೇ ಅಡುಗೆಮನೆಗೆ ವಾಪಸು ಹೋದೆ. ಅಕ್ಕನಿಗಾಗಿ ಎಂದು ಒಂದು ಮಾತು ಹೇಳಿದ್ದರೆ ಜಗಳವಾಡುತ್ತಿದ್ದೆ. ಹೇಳಲಿಲ್ಲ, ಹಾಗಾಗಿ ಆಡಲಾಗಲಿಲ್ಲ.

ಈಗ ಬಂದದ್ದು ಅಸಲು ತೊಡಕು. ಕೊಳೆತು ಉದುರಿದ ಭಾಗ ಎಷ್ಟಿತ್ತು, ಪೆಟ್ಟಿಗೆ ನಿಜಕ್ಕೂ ಎಷ್ಟು ಎತ್ತರವಿತ್ತು? ಇಂಥ ಪೆಟ್ಟಿಗೆಗಳಿಗೆಲ್ಲ ಒಂದೇ ಅಳತೆ ಇರುತ್ತದೆ, ವಿಚಾರಿಸಿ ಹೇಳುತ್ತೇನೆ ಎಂದರು ಟಿವಿ ಡಾಕ್ಟರು. “ಲೋಕಕ್ಕೆಲ್ಲ ಒಂದೇ ಮೊಣಕೈ ಇದ್ಯಾ?” ಎಂದು ಇವರು ಅವರ ಬಾಯಿ ಮುಚ್ಚಿಸಿದರು. ಅತ್ತಿಗೆಯನ್ನು ಕೇಳಿದ್ದಕ್ಕೆ, “ಎತ್ತರ ಯಾರಿಗೆ ಗೊತ್ತೋ? ನನ್ನ ಮೊಣಕೈ ಗುಂಡಿ ಮುಂದಿನ ಅಂಚಿನ ಮೇಲೆ ಸರಿಯಾಗಿ ಕೂರ್ತಿತ್ತು. ಅಲ್ಲಿಂದ ಬೆರಳು ತಾನಾಗೇ ಗುಂಡಿ ಮೇಲೆ ಬೀಳ್ತಿತ್ತು” ಎಂದರು. ನನ್ನ ಗಂಡನ ಮುಖ ಅರಳಿತು. ನೇರ ಗೋಡೆಯ ಹತ್ತಿರ ಹೋಗಿ ಇಸ್ತ್ರಿ ಪೆಟ್ಟಿಗೆ ಕೊರೆದ ಕಡ್ಡಿ ತೆಗೆದರು. ಅದರಲ್ಲಿ ಎಲ್ಲಕ್ಕೂ ಮೇಲಿನ ಕಚ್ಚು ಮೊಣಕೈಯದು. ಆ ಕಚ್ಚಿಗೆ ಸರಿಯಾಗಿ ಬುಡ ಕಟ್ಟಿದರು.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ಬಹಳ ಚೆನ್ನಾಗಿತ್ತು. ಅತ್ತಿಗೆಯ ಕುರ್ಚಿಯನ್ನು ಶೆಡ್ಡಿನ ಬಾಗಿಲಿಗೇ ತಂದು ಹಾಕಿದೆವು. ಇವರು ಬಿರುಕಿಗೆಲ್ಲ ಪುಟ್ಟಿ ತುಂಬಿ, ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ಮತ್ತೆ ತುಂಬಿ, ಮತ್ತೆ ಉಜ್ಜಿದರು. ಅಂಗೈ ಸವರಿದರೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಒದ್ದ ಗುಳಿಗೂ ಪುಟ್ಟಿ ಹಾಕಲು ಹೋದಾಗ ಅತ್ತಿಗೆ ಕೂಗಿದರು, “ಏಯ್, ಅದನ್ನ ಮುಚ್ಚಬೇಡ! ನೀನು ಏಳು ಸಲ ಸೋತಿದ್ದಕ್ಕೆ ಅದೊಂದೇ ಸಾಕ್ಷಿ.” ಗುಳಿ ಗುಳಿಯಾಗಿಯೇ ಉಳಿದು, ಅದರ ಮೇಲೆ ಬಣ್ಣ ಬಿತ್ತು.

ಬದಿಯ ಚಿತ್ರ ನನ್ನ ಪಾಲಿಗೆ ಬಂತು. ದಿಂಬಿನ ಕವರುಗಳಿಗೆ ಹೂಬಳ್ಳಿ ಹೊಲಿಯುವ ಕೈ ನನ್ನದು, ದೋಣಿ ಬರೆದದ್ದಿಲ್ಲ. ಅತ್ತಿಗೆ ಬಾಯಲ್ಲಿ ಹೇಳಿದಂತೆ ಕಾಗದದ ಮೇಲೆ ಗೀಚಿ, ತಿದ್ದಿ, ಹಲಗೆಗೆ ಇಳಿಸಿದೆ. “ಮೂಗು ಅಷ್ಟು ಉದ್ದ ಇರ್ಲಿಲ್ಲಮ್ಮಾ, ಅದು ದೋಣಿ, ಕೊಕ್ಕರೆ ಅಲ್ಲ” ಎಂದು ನನ್ನನ್ನು ನಾಲ್ಕು ಸಲ ಅಳಿಸುವಂತೆ ಮಾಡಿದರು. ಐದನೆಯ ದೋಣಿಗೆ ಸುಮ್ಮನಾದರು. ಒಪ್ಪಿದರೋ ಸುಸ್ತಾದರೋ ನಾನು ಕೇಳಲಿಲ್ಲ. ಕೊನೆಗೆ ವಾರ್ನಿಷ್ ಹೊಡೆದು, ಅಂಚಿಗೆ ಹೊಸ ಕೆಂಪು ಪಟ್ಟಿ ಬಡಿದರು. ಒಲ್ಲದ ಹಲಗೆಗೆ ಇವರು ಕೊನೆಯ ಮರಳು ಕಾಗದ ಹಾಕುತ್ತಾ ಮೆಲ್ಲಗೆ ಶಿಳ್ಳೆ ಹೊಡೆಯುವುದನ್ನು ನಾನು ನನ್ನ ಕಿವಿಯಾರೆ ಕೇಳಿದೆ.

ಒಂದು ಭಾನುವಾರ ಮಧ್ಯಾಹ್ನ ಪೆಟ್ಟಿಗೆಯನ್ನು ಮುಂದಿನ ಕೋಣೆಗೆ ತಂದು ನಿಲ್ಲಿಸಿದೆವು. ಟಿವಿ ಡಾಕ್ಟರು ಹಿಂದಿನಿಂದ ತಂತಿ ಸಿಕ್ಕಿಸಿದರು. ಪರದೆ ಒಮ್ಮೆ ಮಿನುಗಿ, ಹೊಳೆ ಹರಿಯಿತು, ದೋಣಿ ಬಂತು. ಅತ್ತಿಗೆ ಒಗೆದು ಇಸ್ತ್ರಿ ಮಾಡಿದ ಗೌನು ಹಾಕಿಕೊಂಡು, ಸೀರಿಯಸ್ಸಾಗಿ ಬಂದು ನಿಂತರು. ನಿಂತೇ ಆಡುವುದು ಎಂದು ಮೊದಲೇ ಹೇಳಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ಅಂಚಿನ ಮೇಲೆ ಇಡಲು ಹೋದರು. ಅಂಚು ಮೊಣಕೈಗಿಂತ ಮೇಲಿತ್ತು. ಕೈ ಅಲ್ಲಿ ನಿಲ್ಲದೆ ಜಾರಿ ಕೆಳಗೆ ಬಿತ್ತು. ಮತ್ತೆ ಎತ್ತಿ ಇಟ್ಟರು, ಭುಜ ಕಿವಿಯ ಹತ್ತಿರ ಬಂತು, ಕೈ ಮತ್ತೆ ಜಾರಿತು. ಅಷ್ಟರಲ್ಲಿ ಬಂಡೆ ಬಿದ್ದು ಮೂರು ದೋಣಿಗಳೂ ಮುಳುಗಿದವು.

ಮೂರನೆಯ ಸಲ ಅತ್ತಿಗೆ ಕೈ ಎತ್ತಲಿಲ್ಲ. “ಬೇಡ ಬಿಡೋ” ಎಂದರು, ತಮ್ಮನ ಮುಖ ನೋಡದೆ. “ಚೆನ್ನಾಗಿ ಮಾಡಿದೀಯ. ಚೆನ್ನಾಗಿದೆ.” ಹೋಗಿ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಈ ಹೆಂಗಸು ಬೈಯದೆ ಸುಮ್ಮನಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಟಿವಿ ಡಾಕ್ಟರಿಗೂ “ಏನಾಗಲ್ಲ” ಎನ್ನಲು ಬಾಯಿ ಬರಲಿಲ್ಲ.

ನನ್ನ ಗಂಡ ಕಡ್ಡಿ ತಂದು ಪೆಟ್ಟಿಗೆಗೆ ಹಿಡಿದು ನೋಡಿದರು. ಕಚ್ಚಿಗೂ ಅಂಚಿಗೂ ಒಂದು ನೂಲಿನ ವ್ಯತ್ಯಾಸವಿಲ್ಲ. ನೆಲ ಓರೆಯಿದೆಯೇ ನೋಡಿದರು. ಕಡ್ಡಿ ಅದಲುಬದಲಾಯಿತೇ ಎಂದು ಗೋಡೆ ಹುಡುಕಿದರು. ನನಗೆ ತಡೆಯಲಾಗಲಿಲ್ಲ. ಹಿಂದೆಯೇ ಶೆಡ್ಡಿಗೆ ಹೋದೆ.

“ಅಲ್ಲಾ, ಮನುಷ್ಯರು ಮನೆಯೊಳಗೆ ಕೂತಿದಾರೆ, ನೀವು ಗೋಡೆ ಮೇಲಿನ ಕಡ್ಡೀನ ಕೇಳ್ತೀರಲ್ಲಾ? ನಲವತ್ತು ವರ್ಷದ ಹಿಂದಿನ ಕಡ್ಡಿ ಅದು! ಅತ್ತಿಗೆ ಇಲ್ಲಿಗೆ ಬಂದಾಗ ಅವರ ಗೌನುಗಳ ಅಂಚನ್ನೆಲ್ಲ ಮಡಿಚಿ ಹೊಲಿದೋಳು ನಾನು. ನಾಲ್ಕು ಬೆರಳು ಮಡಿಚಿದೀನಿ. ಬಾಗಿಲಲ್ಲೇ ಕೂತಿದ್ದರಲ್ಲ ಮೂರು ವಾರ, ಒಂದು ಸಲ ಎದ್ದು ನಿಲ್ಲಕ್ಕ ಅನ್ನೋಕೆ ಏನಾಗಿತ್ತು ನಿಮಗೆ?”

ಇವರು ಕಡ್ಡಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟರು. ಹಳೆಯ ಕಚ್ಚನ್ನು ಹೆಬ್ಬೆರಳಿನಿಂದ ಸವರಿದರು.

“ನನಗೆ ಕಣ್ಣಿಲ್ವೇನೇ?” ಎಂದರು ಆಮೇಲೆ. “ಕಂಡಿತ್ತು. ಹೊಸ ಕಡ್ಡಿ ಕಡಿಯೋಕೆ ಕೈ ಬರ್ಲಿಲ್ಲ. ಅದನ್ನ ಕಡಿದ್ರೆ, ಅಕ್ಕ ಇಷ್ಟೇ ಇನ್ಮೇಲೆ ಅಂತ ನಾನೇ ಬರೆದು ಕೊಟ್ಟ ಹಾಗಾಗತ್ತೆ ಅನ್ನಿಸ್ತು.”

ಇವರ ಕಣ್ಣು ತುಂಬಿತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಈ ಮೊಂಡನ ಮೇಲೆ ಅಷ್ಟು ಪ್ರೀತಿ ಬಂದದ್ದು ನನಗೆ ಮದುವೆಯ ದಿನವೂ ನೆನಪಿಲ್ಲ. ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

“ಅಕ್ಕನ ಕಾಲ ಕೆಳಗೆ ಒಂದು ಮಣೆ ಹಾಕಿದ್ರೆ?” ಎಂದರು ಮೆಲ್ಲಗೆ.

“ಎಳೆಯೋ ಕಾಲಿಗೆ ಮಣೆ ಹಾಕ್ತೀರಾ? ಎಡವಿ ಸೊಂಟ ಮುರ್ಕೊಂಡ್ರೆ?”

“ಹೌದು ಹೌದು” ಎಂದು ತಲೆ ಆಡಿಸಿದರು. ಇನ್ನು ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿತ್ತು. ಮುಗಿಸಿದ ಕೆಲಸಕ್ಕೆ ಇವರು ಎಂದೂ ಗರಗಸ ಹಾಕಿದವರಲ್ಲ.

ಮರುದಿನ ಬೆಳಿಗ್ಗೆ ಹೊಸ ಕಡ್ಡಿ ಹಿಡಿದು ಅಕ್ಕನ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತೆ.

“ಅಕ್ಕ, ಎದ್ದು ನಿಲ್ಲು. ಬರಿಗಾಲಲ್ಲಿ.”

“ಯಾಕೋ, ಇಸ್ತ್ರಿ ಮೇಜು ಮಾಡ್ತೀಯಾ ಮತ್ತೆ?” ಎನ್ನುತ್ತಾ ಅತ್ತಿಗೆ ಎದ್ದರು. ಗೋಡೆ ಹಿಡಿದು ನಿಂತರು. ಇವರು ಅವರ ಪಾದದ ಹತ್ತಿರ ಮಂಡಿಯೂರಿ, ಕಡ್ಡಿ ನಿಲ್ಲಿಸಿ, ಜೋತುಬಿದ್ದ ಬಲಗೈಯನ್ನು ಮೆತ್ತಗೆ ಮಡಿಚಿ ಮೊಣಕೈಗೆ ಕಚ್ಚು ಹಾಕಿದರು. ಎದ್ದು ನಿಂತು ಹಳೆಯ ಕಡ್ಡಿಯ ಪಕ್ಕಕ್ಕೆ ಹಿಡಿದರು.

“ಎಷ್ಟು ಕುಗ್ಗಿದೀನಿ? ನಿಜ ಹೇಳು.”

“ನಾಲ್ಕು ಬೆರಳು.”

“ಅಷ್ಟೇನಾ?” ಎಂದರು ಅತ್ತಿಗೆ. ಆಮೇಲೆ ನಕ್ಕರು. “ಈ ಒಂಬತ್ತು ತಿಂಗಳಲ್ಲಿ ಅರ್ಧಕ್ಕರ್ಧ ಕರಗಿ ಹೋಗಿದೀನಿ ಅಂದ್ಕೊಂಡಿದ್ದೆ ಕಣೋ. ಬರೀ ನಾಲ್ಕು ಬೆರಳಾ? ಕುಯ್ದು ಬಿಸಾಕು ಅತ್ಲಾಗೆ!”

ಪೆಟ್ಟಿಗೆಯನ್ನು ಕಂಬಳಿಯ ಮೇಲೆ ಅಂಗಾತ ಮಲಗಿಸಿ, ಸುತ್ತ ಗೆರೆ ಎಳೆದು, ವಾರ್ನಿಷ್ ಸಿಬಿರು ಏಳದಿರಲೆಂದು ಗೆರೆಯ ಮೇಲೆ ಅಂಟು ಪಟ್ಟಿ ಹಚ್ಚಿ, ಇವರು ಗರಗಸ ಎಳೆದರು. ಮೊದಲ ಎಳೆತಕ್ಕೆ ಕಣ್ಣು ಮುಚ್ಚಿದ್ದನ್ನು ನೋಡಿದೆ. ನನ್ನ ಕನ್ನಡಿ ಮೇಜಿನ ಹಲಗೆಯಲ್ಲಿ ಕೊನೆಗೂ ನನ್ನ ಪಾಲಿಗೆ ಬಂದದ್ದು ನಾಲ್ಕು ಬೆರಳು ಅಗಲದ ತುಂಡುಗಳು. ಅವುಗಳಿಂದ ನನಗೊಂದು ಸೂಜಿದಾರದ ಡಬ್ಬ ಮಾಡಿಕೊಟ್ಟಿದ್ದಾರೆ. ಮುಚ್ಚಳದ ಮೇಲೆ ಮೆಣಸಿನಕಾಯಿ ಇದೆ, ಬಿಡುತ್ತಾರೆಯೇ!

ಈ ಸಲ ಮೊಣಕೈ ಅಂಚಿನ ಮೇಲೆ ಕೂತಿತು, ಬೆರಳುಗಳು ಗುಂಡಿಯ ಮೇಲೆ ತಾವಾಗಿಯೇ ಬಿದ್ದವು. ಬಿದ್ದವು, ಅಷ್ಟೇ. ಒತ್ತಲಿಲ್ಲ. ಅತ್ತಿಗೆ ಎಡಗೈಯಲ್ಲಿ ದೋಣಿಯನ್ನು ಅತ್ತಿತ್ತ ತಪ್ಪಿಸುತ್ತಾ, ಬಲಗೈಗೆ ಬಾಯಿಗೆ ಬಂದ ಹಾಗೆ ಬೈಯುತ್ತಾ ಆಡಿದರು. ಮೊದಲ ದಿನ ಸೊನ್ನೆ. ಎರಡನೆಯ ದಿನ ಸೊನ್ನೆ. ಆರನೆಯ ದಿನ ನಾನು ಅಡುಗೆಮನೆಯಲ್ಲಿದ್ದಾಗ ‘ಟುಂಯ್’ ಎಂದು ಒಂದು ಸದ್ದು ಕೇಳಿತು. ಓಡಿಬಂದೆ. ಒಂದು ಬಂಡೆ ಒಡೆದಿತ್ತು. ಪರದೆಯ ಮೇಲೆ ಹತ್ತು ಅಂಕ. ಒಂದು ಕಾಲದಲ್ಲಿ ಲಕ್ಷ ಕಂಡ ಹೆಂಗಸು ಆ ಹತ್ತನ್ನು ನೋಡುತ್ತಾ ಬಾಯಿ ಬಿಟ್ಟು ಅತ್ತರು, ನಾನೂ ಅತ್ತೆ. ಇವರು ಶೆಡ್ಡಿನಿಂದ ಬಂದು, ಏನಾಯ್ತು, ಯಾರು ಬಿದ್ದರು ಎಂದು ಕೂಗಾಡಿದರು.

ಆಮೇಲೆ ಅತ್ತಿಗೆಯನ್ನು ಪೆಟ್ಟಿಗೆಯ ಮುಂದಿನಿಂದ ಸರಿಸುವುದೇ ನನ್ನ ಕೆಲಸವಾಯಿತು. ಹತ್ತು ಇದ್ದದ್ದು ಇನ್ನೂರಾಯಿತು, ಸಾವಿರವಾಯಿತು. ವ್ಯಾಯಾಮದ ಹುಡುಗಿ ಬಂದು ನೋಡಿ, ನಾನು ಹೆಕ್ಕಿ ಇಟ್ಟಿದ್ದ ಚೆಂಡನ್ನು ಚೀಲಕ್ಕೆ ಹಾಕಿಕೊಂಡು ನಗುತ್ತಾ ಹೋದಳು. ವರ್ಷ ತುಂಬಲು ಎರಡು ವಾರ ಇರುವಾಗ ಅತ್ತಿಗೆ ತಮ್ಮನನ್ನು ಸೋಲಿಸಿದರು. ಇವರು ಬೇಕೆಂದೇ ಸೋತರೋ ಎಂದು ನನಗೆ ಅನುಮಾನವಿತ್ತು. ಆದರೆ ಇವರ ಬಲಗಾಲು ಆ ಹಳೆಯ ಗುಳಿಯ ಕಡೆಗೆ ಏಳುತ್ತಿರುವುದನ್ನು ಕಂಡು, ಇಲ್ಲ, ನಿಜವಾಗಿಯೂ ಸೋತಿದ್ದಾರೆ ಎಂದು ಖಾತ್ರಿಯಾಯಿತು.

“ಏಯ್! ಕಾಲು ಕೆಳಗಿಡು!” ಎಂದು ಅತ್ತಿಗೆ ಗದರಿದರು. ಇವರು ಕಾಲು ಕೆಳಗಿಟ್ಟರು.

ಮಾರನೆಯ ದಿನ ಶೆಡ್ಡಿನಲ್ಲಿ ಇವರು ಹೊಸ ಕಡ್ಡಿಗೆ ದಾರ ಕಟ್ಟಿದರು. ಗುರುತಿಗೆ ಏನು ಕೊರೆಯಲಿ ಎಂದು ಕೇಳಿದಾಗ ಅತ್ತಿಗೆ ದೋಣಿ ಎಂದರು. ಹಳೆಯ ಕಡ್ಡಿಯ ಪಕ್ಕದಲ್ಲಿ, ಅಕ್ಕನ ಕೈಗೆ ಎಟಕುವಷ್ಟು ಕೆಳಗೆ, ಇವರು ಒಂದು ಮೊಳೆ ಹೊಡೆದರು. ಅತ್ತಿಗೆ ಕಡ್ಡಿಯನ್ನು ಬಲಗೈಯಲ್ಲಿ ಹಿಡಿದರು. ದಾರದ ಕುಣಿಕೆ ಮೊಳೆಗೆ ಸಿಗದೆ ಒಂದು ಸಲ ಜಾರಿತು. ಎರಡನೆಯ ಸಲವೂ ಜಾರಿತು. ನಾನು ಸಹಾಯಕ್ಕೆ ಕೈ ಚಾಚಿದೆ, ಇವರು ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. ಮೂರನೆಯ ಸಲ ಕುಣಿಕೆ ಮೊಳೆಗೆ ಸಿಕ್ಕಿ, ಕಡ್ಡಿ ಗೋಡೆಯ ಮೇಲೆ ನೇರವಾಗಿ ನಿಂತಿತು.

“ನೋಡ್ಕೊಂಡ್ಯಾ?” ಎಂದರು ಅತ್ತಿಗೆ ತಮ್ಮನಿಗೆ. “ಇನ್ಮೇಲೆ ಅಳತೆ ಬೇಕಾದ್ರೆ ನನ್ನನ್ನ ಕೇಳು.”